ನಗೆಯ ನಡುವೆ ಸರಕು: ಹೇಳಿ ತೋರಿಸಿದರೆ ಲಾಭ, ಮುಚ್ಚಿ ತೋರಿಸಿದರೆ ನಷ್ಟ

ಕಿರುತೆರೆಯ ಹಾಸ್ಯ ಧಾರಾವಾಹಿಗಳಲ್ಲಿ ಪಾತ್ರಧಾರಿಯೊಬ್ಬ ಚಹಾ ಕುಡಿಯುವಾಗ ಚಹಾಪುಡಿಯ ಪೊಟ್ಟಣದ ಹೆಸರು ಸರಿಯಾಗಿ ಕ್ಯಾಮೆರಾದ ಕಡೆಗೆ ತಿರುಗಿರುವುದನ್ನು ನಮ್ಮ ವರ್ತಕ ಬಾಂಧವರಲ್ಲಿ ಅನೇಕರು ಗಮನಿಸಿರಬಹುದು. ಅತ್ತೆ ಸೊಸೆಯರ ಜಗಳದ ಮಧ್ಯೆ ಇದ್ದಕ್ಕಿದ್ದಂತೆ ಒಂದು ಮಸಾಲೆಪುಡಿಯ ಗುಣಗಾನ ಬರುವುದೂ ಉಂಟು. ಇವು ಆಕಸ್ಮಿಕಗಳಲ್ಲ. ಹಣ ಅಥವಾ ಸರಕನ್ನು ಪಡೆದು, ಕಥೆಯ ಒಳಗೇ ಒಂದು ವಸ್ತುವನ್ನು ತಂದು ನಿಲ್ಲಿಸುವ ಈ ಪದ್ಧತಿಯನ್ನು ಜಾಹೀರಾತು ವಲಯದಲ್ಲಿ ‘ಪ್ರಾಡಕ್ಟ್ ಪ್ಲೇಸ್‌ಮೆಂಟ್’ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ಕಥೆಯೊಳಗಿನ ಜಾಹೀರಾತು ಎಂದು ಕರೆಯೋಣ.

ಇದರ ಆಕರ್ಷಣೆ ಸುಲಭವಾಗಿ ಅರ್ಥವಾಗುವಂಥದು. ಜಾಹೀರಾತಿನ ವಿರಾಮ ಬಂದ ಕೂಡಲೇ ವೀಕ್ಷಕನು ರಿಮೋಟ್ ಒತ್ತುತ್ತಾನೆ, ಇಲ್ಲವೇ ಎದ್ದು ಅಡುಗೆಮನೆಗೆ ಹೋಗುತ್ತಾನೆ. ಕಥೆಯ ನಡುವೆ ಎದ್ದು ಹೋಗುವವರು ಕಡಿಮೆ. ಅದರಲ್ಲೂ ನಗುತ್ತಿರುವ ಮನುಷ್ಯನ ಮನಸ್ಸು ಹಗುರವಾಗಿರುತ್ತದೆ. ಆ ಹೊತ್ತಿನಲ್ಲಿ ಕಂಡ ಸರಕಿನ ಬಗ್ಗೆ ಒಳ್ಳೆಯ ಭಾವನೆ ಮೂಡುತ್ತದೆಂಬುದು ಈ ಪದ್ಧತಿಯನ್ನು ಮಾರುವವರ ವಾದ. ದೊಡ್ಡ ಕಂಪನಿಗಳಿಗೆ ಮಾತ್ರ ಸೀಮಿತವಾಗಿದ್ದ ಇಂತಹ ಪ್ರಸ್ತಾವನೆಗಳು ಈಗ ಉಪ್ಪಿನಕಾಯಿ, ಅಗರಬತ್ತಿ, ಸಿದ್ಧ ಉಡುಪು, ಮಿಕ್ಸರ್ ತಯಾರಿಸುವ ಸಣ್ಣ ಉದ್ಯಮಿಗಳ ಮೇಜಿಗೂ ಬರುತ್ತಿವೆ. ಪ್ರಸ್ತಾವನೆಯನ್ನು ಹಿಡಿದು ಸಲಹೆ ಕೇಳಲು ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರಿಂದ ವ್ಯಾಪಾರ ಹೆಚ್ಚುತ್ತದೆಯೇ?

ವೀಕ್ಷಕನು ಇದನ್ನು ಹೇಗೆ ಸ್ವೀಕರಿಸುತ್ತಾನೆ ಎಂಬುದನ್ನು ಅರಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯೊಳಗೆ ಸರಕು ಬಂದಿತೆಂಬ ಕಾರಣಕ್ಕೆ ವೀಕ್ಷಕನು ಸಿಟ್ಟಾಗುವುದಿಲ್ಲ. ತನಗೆ ತಿಳಿಸದೆ ತಂದರೆಂಬ ಕಾರಣಕ್ಕೆ ಸಿಟ್ಟಾಗುತ್ತಾನೆ. ಆದ್ದರಿಂದ ಬಹಿರಂಗವಾಗಿ ಹೇಳಿ ತೋರಿಸುವುದೇ ನೀತಿಯೂ ಹೌದು, ದೀರ್ಘಕಾಲದಲ್ಲಿ ಲಾಭವೂ ಹೌದು.

ಪ್ರಾಯೋಜಕನ ಹೆಸರು ಬಾಗಿಲಲ್ಲೇ ಇದ್ದ ಕಾಲ

ಈ ಪದ್ಧತಿ ಹೊಸದೇನಲ್ಲ. ಅಮೆರಿಕದಲ್ಲಿ ರೇಡಿಯೋ ಕಾಲದಲ್ಲಿಯೇ ಹಾಸ್ಯವೂ ಸರಕೂ ಜೊತೆಯಾಗಿ ನಡೆದವು. ಹಾಸ್ಯನಟ ಜ್ಯಾಕ್ ಬೆನ್ನಿಯ ಕಾರ್ಯಕ್ರಮವನ್ನು 1934ರಿಂದ 1942ರವರೆಗೆ ಜೆಲ್-ಓ ಎಂಬ ಸಿಹಿತಿನಿಸಿನ ತಯಾರಕರು ಪ್ರಾಯೋಜಿಸಿದ್ದರು. ಬೆನ್ನಿ ಶ್ರೋತೃಗಳಿಗೆ ಹೇಳುವ ನಮಸ್ಕಾರದಲ್ಲಿಯೇ ಆ ತಿನಿಸಿನ ಹೆಸರನ್ನು ಸೇರಿಸಿಬಿಡುತ್ತಿದ್ದರು. ಪ್ರಾಯೋಜಕನನ್ನು ಗೇಲಿ ಮಾಡುವುದೂ ಕಾರ್ಯಕ್ರಮದ ಹಾಸ್ಯದ ಭಾಗವೇ ಆಗಿತ್ತು. ಟಿ.ವಿ. ಬಂದ ಮೇಲೆ ಜಾರ್ಜ್ ಬರ್ನ್ಸ್ ಮತ್ತು ಗ್ರೇಸಿ ಆಲೆನ್ ದಂಪತಿಗಳ ಹಾಸ್ಯ ಕಾರ್ಯಕ್ರಮದಲ್ಲಿ ನಿರೂಪಕನೇ ಕಥೆಯ ಒಂದು ಪಾತ್ರವಾಗಿ ಮನೆಯೊಳಗೆ ಬಂದು, ಮಾತನ್ನು ಹೇಗಾದರೂ ತಿರುಗಿಸಿ ಕಾರ್ನೇಷನ್ ಡಬ್ಬಿ ಹಾಲಿಗೆ ತಂದು ನಿಲ್ಲಿಸುತ್ತಿದ್ದ. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯ ಪ್ರಾಯೋಜಕರು ಫಿಲಿಪ್ ಮಾರಿಸ್ ಸಿಗರೇಟ್ ಕಂಪನಿಯವರು, ಆಗಿನ ಪ್ರಸಾರದಲ್ಲಿ ಸಿಗರೇಟಿನ ಪೊಟ್ಟಣವೂ ನಾಯಕ ನಾಯಕಿಯರ ರೇಖಾಚಿತ್ರಗಳೂ ಒಟ್ಟಿಗೆ ಕಾಣಿಸುತ್ತಿದ್ದವು.

ಸಿಗರೇಟಿನ ಪ್ರಚಾರವನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ಆ ಕಾಲದ ಒಂದು ಗುಣವನ್ನು ಗಮನಿಸಬೇಕು. ಹಣ ಕೊಟ್ಟವನು ಯಾರೆಂಬುದು ವೀಕ್ಷಕನಿಗೆ ಗೊತ್ತಿತ್ತು. ಮುಚ್ಚುಮರೆ ಇರಲಿಲ್ಲವಾದ್ದರಿಂದ ವಂಚನೆಯ ಭಾವವೂ ಇರಲಿಲ್ಲ.

ವಂಚನೆ ಬಯಲಾದಾಗ ಏನಾಗುತ್ತದೆ ಎಂಬುದನ್ನೂ ಅದೇ ದೇಶ ಕಂಡಿತು. 1950ರ ದಶಕದ ಕೊನೆಯಲ್ಲಿ, ಟಿ.ವಿ. ಕ್ವಿಜ್ ಕಾರ್ಯಕ್ರಮಗಳಲ್ಲಿ ಸ್ಪರ್ಧಿಗಳಿಗೆ ಮೊದಲೇ ಉತ್ತರ ಕೊಡಲಾಗುತ್ತಿತ್ತೆಂಬುದೂ, ರೇಡಿಯೋದಲ್ಲಿ ಹಾಡು ನುಡಿಸಲು ಗುಟ್ಟಾಗಿ ಲಂಚ ಸಲ್ಲುತ್ತಿತ್ತೆಂಬುದೂ ಹೊರಬಿದ್ದು ದೊಡ್ಡ ಕೋಲಾಹಲವಾಯಿತು. ಹಣ ಪಡೆದು ಪ್ರಸಾರ ಮಾಡಿದ್ದನ್ನು ಹಾಗೆಂದು ಘೋಷಿಸಬೇಕೆಂಬ, 1927ರ ರೇಡಿಯೋ ಕಾಯ್ದೆಯ ಕಾಲದಿಂದಲೂ ಇದ್ದ ನಿಯಮವನ್ನು 1960ರಲ್ಲಿ ಬಿಗಿಗೊಳಿಸಲಾಯಿತು.

ನಮ್ಮಲ್ಲಿಯೂ ಆರಂಭ ಬಹಿರಂಗವಾಗಿಯೇ ಇತ್ತು. ದೂರದರ್ಶನವು 1976ರಲ್ಲಿ ಜಾಹೀರಾತುಗಳಿಗೆ ಬಾಗಿಲು ತೆರೆಯಿತು. 1984ರಲ್ಲಿ ಬಂದ ‘ಹಮ್ ಲೋಗ್’ ಧಾರಾವಾಹಿಯೊಡನೆ ಮ್ಯಾಗಿ ನೂಡಲ್ಸ್ ಎಂಬ ಆಗಿನ ಹೊಸ ತಿನಿಸಿನ ಹೆಸರು ಮನೆಮನೆಗೆ ತಲುಪಿತು. ಅದೇ ವರ್ಷ ಆರಂಭವಾದ ಹಾಸ್ಯ ಧಾರಾವಾಹಿ ‘ಯೇ ಜೋ ಹೈ ಜಿಂದಗಿ’ಯನ್ನು ನೆನೆದರೆ ವಿಕೋ ಜಾಹೀರಾತನ್ನೂ ನೆನೆಯುವವರು ನನ್ನ ವಯಸ್ಸಿನವರಲ್ಲಿ ಬಹಳ ಮಂದಿ. ಕಥೆ ಕಥೆಯಾಗಿತ್ತು, ಜಾಹೀರಾತು ಜಾಹೀರಾತಾಗಿತ್ತು. ಎರಡರ ನಡುವಿನ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಚಾನೆಲ್‌ಗಳು ನೂರಾರು ಆದ ಮೇಲೆ ಆ ಗೆರೆ ಮಸುಕಾಗುತ್ತ ಬಂದಿದೆ.

ಮೂರು ಧಾರಾವಾಹಿಗಳು, ಮೂರು ಬಗೆಯ ಪ್ರತಿಕ್ರಿಯೆ

ವೀಕ್ಷಕರ ಮನಸ್ಸನ್ನು ತಿಳಿಯಲು ಅಮೆರಿಕದ ಮೂರು ಉದಾಹರಣೆಗಳು ಸಹಾಯಕವಾಗಿವೆ.

ಮೊದಲನೆಯದು ಎನ್‌ಬಿಸಿ ಚಾನೆಲ್‌ನ ‘30 ರಾಕ್’. ಒಂದು ಟಿ.ವಿ. ಕಾರ್ಯಕ್ರಮವನ್ನು ಸಿದ್ಧಪಡಿಸುವವರ ಬದುಕೇ ಇದರ ಕಥಾವಸ್ತು. 2006ರ ನವೆಂಬರ್‌ನಲ್ಲಿ ಪ್ರಸಾರವಾದ ಒಂದು ಕಂತಿನಲ್ಲಿ, ಕಂಪನಿಯ ಅಧಿಕಾರಿಯು ಬರಹಗಾರರಿಗೆ ಕಥೆಯೊಳಗೆ ಸರಕುಗಳನ್ನು ಸೇರಿಸುವಂತೆ ಹೇಳುತ್ತಾನೆ. ನಮ್ಮ ಕಲೆಯನ್ನು ಮಾರಿಕೊಳ್ಳಲಾರೆವೆಂದು ಅವರು ಪ್ರತಿಭಟಿಸುತ್ತಾರೆ. ಮರುಕ್ಷಣವೇ ಎಲ್ಲರೂ ಸ್ನ್ಯಾಪಲ್ ಎಂಬ ಪಾನೀಯದ ರುಚಿಯನ್ನು ಹೊಗಳತೊಡಗುತ್ತಾರೆ. ಮರುವರ್ಷದ ಮತ್ತೊಂದು ಕಂತಿನಲ್ಲಿ ನಾಯಕಿಯು ವೆರಿಜಾನ್ ಕಂಪನಿಯ ಫೋನನ್ನು ಹೊಗಳಿ, ನೇರವಾಗಿ ಕ್ಯಾಮೆರಾದತ್ತ ತಿರುಗಿ, ಇನ್ನು ನಮ್ಮ ಹಣ ಕೊಡುತ್ತೀರಾ ಎಂದು ಕೇಳುತ್ತಾಳೆ. ಗುಟ್ಟನ್ನು ತಾವೇ ರಟ್ಟು ಮಾಡಿದ್ದರಿಂದ ವೀಕ್ಷಕರು ನಕ್ಕರು, ಸರಕಿನ ಹೆಸರೂ ಅವರ ನೆನಪಿನಲ್ಲಿ ಉಳಿಯಿತು.

ಎರಡನೆಯದು ಎಬಿಸಿ ಚಾನೆಲ್‌ನ ‘ಮಾಡರ್ನ್ ಫ್ಯಾಮಿಲಿ’. 2010ರ ಮಾರ್ಚ್ 31ರಂದು ಪ್ರಸಾರವಾದ ಕಂತಿನಲ್ಲಿ ಮನೆಯ ಯಜಮಾನನು ತನ್ನ ಹುಟ್ಟುಹಬ್ಬಕ್ಕೆ ಆ್ಯಪಲ್ ಕಂಪನಿಯ ಐಪ್ಯಾಡ್ ಬೇಕೆಂದು ಹಂಬಲಿಸುತ್ತಾನೆ. ಅದನ್ನು ದೊರಕಿಸುವುದೇ ಕಥೆ. ಐಪ್ಯಾಡ್ ಅಮೆರಿಕದ ಅಂಗಡಿಗಳಿಗೆ ಬಂದದ್ದು ಏಪ್ರಿಲ್ 3ರಂದು, ಅಂದರೆ ಕೇವಲ ಮೂರು ದಿನಗಳ ಬಳಿಕ. ಎಬಿಸಿಯ ಒಡೆತನ ಹೊಂದಿರುವ ಡಿಸ್ನಿ ಸಂಸ್ಥೆಯಲ್ಲಿ ಆ್ಯಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಅವರೇ ಆಗ ಅತಿ ದೊಡ್ಡ ಷೇರುದಾರರು. ಇದಕ್ಕಾಗಿ ಹಣ ಪಡೆದಿಲ್ಲವೆಂದು ತಯಾರಕರು ಹೇಳಿದರು. ಆದರೂ, ಅರ್ಧ ಗಂಟೆಯ ಜಾಹೀರಾತನ್ನು ಕಥೆಯೆಂದು ತೋರಿಸಿದರೆಂದು ಅನೇಕ ಅಭಿಮಾನಿಗಳು ಬೇಸರ ಪಟ್ಟರು. ಇಲ್ಲಿ ವ್ಯಾಪಾರಿಗೆ ಒಂದು ಪಾಠವಿದೆ. ಘೋಷಣೆಯ ಸ್ಪಷ್ಟ ಪದ್ಧತಿ ಇಲ್ಲದ ಕಡೆ, ಹಣ ಕೊಡದವನ ಮೇಲೂ ಹಣ ಕೊಟ್ಟನೆಂಬ ಗುಮಾನಿ ಬೀಳುತ್ತದೆ.

ಮೂರನೆಯದು ಇವೆರಡಕ್ಕಿಂತ ಸ್ವಾರಸ್ಯಕರ. ಎನ್‌ಬಿಸಿಯ ‘ಚಕ್’ ಎಂಬ ಪತ್ತೇದಾರಿ ಹಾಸ್ಯ ಧಾರಾವಾಹಿ 2009ರಲ್ಲಿ ನಿಂತುಹೋಗುವ ಸ್ಥಿತಿಗೆ ಬಂದಿತ್ತು. ಸಬ್‌ವೇ ಎಂಬ ಸ್ಯಾಂಡ್‌ವಿಚ್ ಅಂಗಡಿಗಳ ಕಂಪನಿಯ ಸರಕು ಆ ಕಥೆಯೊಳಗೆ ಬಂದು ಹೋಗಿತ್ತು. ಧಾರಾವಾಹಿಯನ್ನು ಉಳಿಸಬೇಕೆಂಬ ಅಭಿಮಾನಿಗಳು ಒಂದು ಉಪಾಯ ಹೂಡಿದರು. ಎರಡನೆಯ ಸರಣಿಯ ಕೊನೆಯ ಕಂತು ಪ್ರಸಾರವಾದ ಏಪ್ರಿಲ್ 27ರಂದು ಅವರು ಸಬ್‌ವೇ ಅಂಗಡಿಗಳಿಗೆ ಹೋಗಿ ಸ್ಯಾಂಡ್‌ವಿಚ್ ಕೊಂಡರು. ಧಾರಾವಾಹಿಗಾಗಿಯೇ ಕೊಂಡೆವೆಂದು ಚೀಟಿ ಬರೆದು ಅಂಗಡಿಯ ಸಲಹಾ ಪೆಟ್ಟಿಗೆಗೆ ಹಾಕಿದರು. ನಾಯಕನಟ ಜಕಾರಿ ಲೆವಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ತಾವೇ ಅಭಿಮಾನಿಗಳ ಗುಂಪನ್ನು ಅಂಗಡಿಗೆ ಕರೆದೊಯ್ದರು. ಮುಂದಿನ ತಿಂಗಳು ಎನ್‌ಬಿಸಿ ಧಾರಾವಾಹಿಯನ್ನು ಮುಂದುವರಿಸುವುದಾಗಿ ಪ್ರಕಟಿಸಿತು. ಸಬ್‌ವೇ ಅದರ ಪ್ರಮುಖ ಪ್ರಾಯೋಜಕ ಸಂಸ್ಥೆಯಾಯಿತು. ‘ಚಕ್’ 2012ರ ಜನವರಿಯವರೆಗೆ ನಡೆಯಿತು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಸಂಗತಿ ತಿಳಿಯಾಗುತ್ತದೆ. ಮೊದಲನೆಯದರಲ್ಲಿ ಲೆಕ್ಕವನ್ನು ಹಾಸ್ಯವಾಗಿ ಹೇಳಲಾಯಿತು. ಮೂರನೆಯದರಲ್ಲಿ ಲೆಕ್ಕ ವೀಕ್ಷಕರಿಗೆ ತಿಳಿದಿತ್ತು: ಈ ಕಂಪನಿಯ ಹಣದಿಂದ ನಮ್ಮ ಮೆಚ್ಚಿನ ಕಥೆ ಉಳಿಯುತ್ತದೆ ಎಂದು. ತಿಳಿದ ಮೇಲೆ ಅವರು ಬರೀ ವೀಕ್ಷಕರಾಗಿ ಉಳಿಯದೆ ವ್ಯವಹಾರದ ಪಾಲುದಾರರಾದರು. ಎರಡನೆಯದರಲ್ಲಿ ಮಾತ್ರ ಲೆಕ್ಕ ಏನೆಂಬುದು ಕಂತು ನೋಡುವಾಗ ಯಾರಿಗೂ ತಿಳಿಯಲಿಲ್ಲ, ಅನುಮಾನ ಹುಟ್ಟಿತು.

ನೆನಪು ಬೇರೆ, ಮೆಚ್ಚುಗೆ ಬೇರೆ

ಈ ಅನುಭವಕ್ಕೆ ಸಂಶೋಧನೆಯ ಬೆಂಬಲವೂ ಇದೆ. 2002ರಲ್ಲಿ ‘ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್’ ಪತ್ರಿಕೆಯಲ್ಲಿ ಕ್ರಿಸ್ಟಲ್ ರಸೆಲ್ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಥೆಗೆ ಹೊಂದದೆ ಎದ್ದು ಕಾಣುವ ಸರಕು ವೀಕ್ಷಕನ ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ; ಆದರೆ ಅವನ ಒಲವನ್ನು ಗಳಿಸುವುದು ಕಥೆಗೆ ಸಹಜವಾಗಿ ಹೊಂದಿಕೊಂಡ ಸರಕು. ಎಷ್ಟು ಜನಕ್ಕೆ ಹೆಸರು ನೆನಪಿದೆ ಎಂದು ಎಣಿಸಿ ವರದಿ ಕೊಡುವ ಜಾಹೀರಾತು ಏಜೆನ್ಸಿಗಳ ವಿಷಯದಲ್ಲಿ ನಮ್ಮ ಉದ್ಯಮಿಗಳು ಈ ಮಾತನ್ನು ನೆನಪಿಡುವುದು ಒಳ್ಳೆಯದು. ಕಾಲಿಗೆ ಎಡವಿದ ಕಲ್ಲೂ ನೆನಪಿನಲ್ಲಿರುತ್ತದೆ. ಹಾಗೆಂದು ಅದನ್ನು ಯಾರೂ ಕೊಂಡುಕೊಳ್ಳುವುದಿಲ್ಲ.

2008ರಲ್ಲಿ ಕೌಲಿ ಮತ್ತು ಬ್ಯಾರನ್ ಎಂಬ ಇಬ್ಬರು ‘ಜರ್ನಲ್ ಆಫ್ ಅಡ್ವರ್ಟೈಸಿಂಗ್’ನಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಸರಕನ್ನು ಕಣ್ಣಿಗೆ ರಾಚುವಂತೆ ತೋರಿಸಿದಾಗ ಅದರ ಬಗ್ಗೆ ಅಭಿಪ್ರಾಯ ಕೆಡುವುದು ಯಾರಲ್ಲಿ? ಆ ಕಾರ್ಯಕ್ರಮವನ್ನು ಹೆಚ್ಚು ಮೆಚ್ಚುವವರಲ್ಲಿಯೇ. ಕಾರ್ಯಕ್ರಮ ಜನಪ್ರಿಯವಾದಷ್ಟೂ ಅದರೊಳಗೆ ಇಟ್ಟ ಸರಕಿಗೆ ಲಾಭವೆಂಬ ಸಾಮಾನ್ಯ ನಂಬಿಕೆಗೆ ಇದು ವಿರುದ್ಧವಾಗಿದೆ. ತಾನು ಪ್ರೀತಿಯಿಂದ ನೋಡುವ ಕಥೆಯನ್ನು ಯಾರೋ ಕೆಡಿಸಿದರೆಂಬ ಭಾವನೆ ಬಂದರೆ ಆ ಕೋಪ ಸರಕಿನ ಮೇಲೆ ತಿರುಗುವುದು ಸಹಜ. ಹಾಸ್ಯದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಏಕೆಂದರೆ ನಗೆಯು ಸರಿಯಾದ ಹೊತ್ತನ್ನು ಅವಲಂಬಿಸಿದ್ದು. ಮಾತಿನ ನಡುವೆ ಪೊಟ್ಟಣವನ್ನು ಎತ್ತಿ ತೋರಿಸಿದರೆ ನಗೆ ಸಾಯುತ್ತದೆ.

ಒಂದು ಆಕ್ಷೇಪಣೆ

ಹೇಳಿ ತೋರಿಸಿದರೆ ಪರಿಣಾಮ ಕುಗ್ಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕಾರ್ಯಕ್ರಮದಲ್ಲಿ ಜಾಹೀರಾತು ಇದೆಯೆಂಬ ಸೂಚನೆಯನ್ನು 3 ಸೆಕೆಂಡು ಮತ್ತು 6 ಸೆಕೆಂಡು ತೋರಿಸಿ ಹೋಲಿಸಿದರು. ಸೂಚನೆ ಕಂಡ ವೀಕ್ಷಕರಿಗೆ ಸರಕಿನ ಹೆಸರು ಹೆಚ್ಚು ನೆನಪಿನಲ್ಲಿ ಉಳಿಯಿತು; ಆದರೆ 6 ಸೆಕೆಂಡಿನ ಸೂಚನೆ ಕಂಡವರು ತೋರಿಸಿದ್ದನ್ನು ಹೆಚ್ಚು ವಿಮರ್ಶೆಯಿಂದ ನೋಡಿದರು, ಸರಕಿನ ಮೇಲಿನ ಒಲವು ಕೊಂಚ ತಗ್ಗಿತು.

ಅಂದರೆ ಘೋಷಣೆಗೆ ಒಂದು ಬೆಲೆ ಇದೆ. ಆ ಬೆಲೆಯನ್ನು ಕೊಡಬೇಕೆಂದೇ ನಾನು ಹೇಳುತ್ತೇನೆ. ತೂಕದ ಕಲ್ಲಿಗೆ ಮುದ್ರೆ ಹಾಕಿಸುವುದಕ್ಕೂ ಖರ್ಚಿದೆ. ಮುದ್ರೆಯಿಲ್ಲದ ಕಲ್ಲಿನಿಂದ ತೂಗಿದರೆ ಒಂದು ದಿನದ ಮಟ್ಟಿಗೆ ಲಾಭವೂ ಇರಬಹುದು. ಆದರೂ ಮುದ್ರೆಯ ಪದ್ಧತಿ ಇರುವುದರಿಂದಲೇ ಗ್ರಾಹಕನು ಕಣ್ಣುಮುಚ್ಚಿ ನಮ್ಮ ಅಂಗಡಿಗೆ ಬರುತ್ತಾನೆ. ಜಾಹೀರಾತಿನ ಘೋಷಣೆಯೂ ಅಂತಹ ಮುದ್ರೆಯೇ. ಇದಲ್ಲದೆ ಸಣ್ಣ ಉದ್ಯಮಿಗೆ ಇನ್ನೊಂದು ಹಿತವಿದೆ. ಗುಟ್ಟಾಗಿ ಸರಕು ತೂರಿಸುವ ಆಟದಲ್ಲಿ ಗೆಲ್ಲುವವನು ಹೆಚ್ಚು ಹಣವಿರುವವನು. ಯಾರು ಎಷ್ಟು ಜಾಗ ಕೊಂಡಿದ್ದಾರೆ ಎಂಬುದು ಬಹಿರಂಗವಾದಾಗ ಮಾತ್ರ, ಕಥೆಯಲ್ಲಿ ಕಾಣದ ಸರಕು ಕಳಪೆಯಲ್ಲ, ಹಣ ಕೊಡದ ಸರಕು ಅಷ್ಟೆ ಎಂದು ಗ್ರಾಹಕನಿಗೆ ತಿಳಿಯುತ್ತದೆ.

ಕಾನೂನು ಏನು ಹೇಳುತ್ತದೆ?

ಬ್ರಿಟನ್ನಿನಲ್ಲಿ ಕಥೆಯೊಳಗಿನ ಜಾಹೀರಾತನ್ನು ಬಹುಕಾಲ ನಿಷೇಧಿಸಲಾಗಿತ್ತು. 2011ರ ಫೆಬ್ರುವರಿ 28ರಿಂದ ಅನುಮತಿ ದೊರೆತಾಗ ಒಂದು ಸರಳ ನಿಯಮವನ್ನು ತಂದರು. ಹಣ ಪಡೆದು ಸರಕು ತೋರಿಸುವ ಕಾರ್ಯಕ್ರಮದ ಆರಂಭದಲ್ಲಿ, ಕೊನೆಯಲ್ಲಿ ಮತ್ತು ಪ್ರತಿ ಜಾಹೀರಾತು ವಿರಾಮದ ಬಳಿಕ ‘ಪಿ’ ಅಕ್ಷರದ ಚಿಹ್ನೆಯನ್ನು ಕನಿಷ್ಠ 3 ಸೆಕೆಂಡು ತೋರಿಸಬೇಕು. ಸುದ್ದಿ, ಮಕ್ಕಳ ಕಾರ್ಯಕ್ರಮ ಮುಂತಾದವುಗಳಲ್ಲಿ ಇದಕ್ಕೆ ಅವಕಾಶವಿಲ್ಲ. ತಂಬಾಕು, ಮದ್ಯ ಇತ್ಯಾದಿಗಳಿಗೂ ಇಲ್ಲ. ಒಂದೇ ಅಕ್ಷರದಿಂದ ವೀಕ್ಷಕನ ತಿಳಿಯುವ ಹಕ್ಕೂ ಉಳಿಯಿತು, ವ್ಯಾಪಾರವೂ ನಡೆಯಿತು.

ನಮ್ಮಲ್ಲಿ ಕೇಬಲ್ ಟೆಲಿವಿಷನ್ ಜಾಲ ನಿಯಮಗಳು, 1994ರ 7ನೆಯ ನಿಯಮವು ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕೆನ್ನುತ್ತದೆ. ಕಥೆಯೊಳಗೇ ಹುದುಗಿದ ಸರಕಿಗೆ ಈ ತತ್ತ್ವವನ್ನು ಹೇಗೆ ಅನ್ವಯಿಸಬೇಕೆಂಬುದಕ್ಕೆ ಬ್ರಿಟನ್ನಿನಂತಹ ಸರಳ ಚಿಹ್ನೆಯ ಅಗತ್ಯವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು, ಸರಕನ್ನು ಶಿಫಾರಸು ಮಾಡುವವನಿಗೂ ತಯಾರಕನಿಗೂ ಇರುವ ಹಣಕಾಸಿನ ಸಂಬಂಧವು ವೀಕ್ಷಕ ಊಹಿಸಲಾರದಂಥದಾಗಿದ್ದರೆ ಅದನ್ನು ಪೂರ್ಣವಾಗಿ ಪ್ರಕಟಿಸಬೇಕೆಂದು ಹೇಳುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕನ ಮೇಲೆ ಮೊದಲ ಬಾರಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಪಾತ್ರಧಾರಿ ಆಡಿದ ಮಾತು, ನನಗೇನು ಸಂಬಂಧ ಎಂಬ ಸಮಜಾಯಿಷಿ ಹಣ ಕೊಟ್ಟವನನ್ನು ಕಾಯಲಾರದು.

ಒಪ್ಪುವ ಮುನ್ನ ಲೆಕ್ಕ ಹಾಕಿ

ಕೊನೆಯದಾಗಿ, ಇಂತಹ ಪ್ರಸ್ತಾವನೆ ಬಂದಾಗ ನಮ್ಮ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಕೆಲವು ಅಂಶಗಳು.

ಮೊದಲು ಗಣಿತ. ಒಂದು ಪೊಟ್ಟಣದ ಮೇಲೆ ನಿಮಗೆ 6 ರೂಪಾಯಿ ಉಳಿಯುತ್ತದೆಂದು ಇಟ್ಟುಕೊಳ್ಳಿ. ಚಾನೆಲ್ 3 ಲಕ್ಷ ರೂಪಾಯಿ ಕೇಳಿದರೆ, ಆ ಹಣ ಮರಳಿ ಬರಲು 50,000 ಪೊಟ್ಟಣಗಳು ಹೆಚ್ಚುವರಿಯಾಗಿ ಮಾರಾಟವಾಗಬೇಕು. ಇದರ ಮೇಲೆ ಶೇ. 18ರ ಜಿ.ಎಸ್.ಟಿ., ಅಂದರೆ 54,000 ರೂಪಾಯಿ ಸೇರುತ್ತದೆ. ಸಾಮಾನ್ಯ ನೋಂದಣಿಯಲ್ಲಿರುವವರಿಗೆ ಇದರ ಹೂಡುವಳಿ ತೆರಿಗೆ ಜಮೆ ಸಿಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಸಿಗದು. ಅವರು 59,000 ಪೊಟ್ಟಣಗಳನ್ನು ಮಾರಬೇಕು. ನಿಮ್ಮ ಸರಕು ನಾಲ್ಕು ಜಿಲ್ಲೆಗಳಲ್ಲಿ ಮಾತ್ರ ಸಿಗುವುದಾದರೆ, ರಾಜ್ಯವೆಲ್ಲ ನೋಡುವ ಧಾರಾವಾಹಿಗೆ ಹಣ ಕೊಡುವುದು ಹಾಸಿಗೆ ಮೀರಿ ಕಾಲು ಚಾಚಿದಂತೆ.

ಎರಡನೆಯದು ತೆರಿಗೆ. ಹಣದ ಬದಲು ಸರಕನ್ನೇ ಕೊಟ್ಟರೆ ಲೆಕ್ಕವೇ ಬೇಡವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಪ್ರಚಾರಕ್ಕೆ ಪ್ರತಿಯಾಗಿ ಮಿಕ್ಸರ್ ಕೊಟ್ಟರೆ ಅದು ಜಿ.ಎಸ್.ಟಿ. ಕಾನೂನಿನಲ್ಲಿ ವಿನಿಮಯ, ಅಂದರೆ ಸರಬರಾಜು. ಮಾರುಕಟ್ಟೆ ಬೆಲೆಯ ಮೇಲೆ ತೆರಿಗೆ ಸಲ್ಲುತ್ತದೆ. ಏನನ್ನೂ ಪ್ರತಿಯಾಗಿ ಪಡೆಯದೆ ಉಡುಗೊರೆಯಾಗಿ ಕೊಟ್ಟರೆ ಅದರ ಮೇಲಿನ ತೆರಿಗೆ ಜಮೆಯನ್ನು ಬಿಟ್ಟುಕೊಡಬೇಕಾಗುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಗೆ 2022ರ ಜುಲೈ 1ರಿಂದ ಸೇರಿದ 194ಆರ್ ಕಲಮಿನ ಪ್ರಕಾರ, ವ್ಯವಹಾರದ ಸಂಬಂಧದಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿದ ಪ್ರಯೋಜನ ಕೊಟ್ಟರೆ ಶೇ. 10ರಷ್ಟು ತೆರಿಗೆ ಮುರಿಯಬೇಕು. ವಹಿವಾಟು 1 ಕೋಟಿ ಮೀರದ ವೈಯಕ್ತಿಕ ಹಾಗೂ ಹಿಂದೂ ಅವಿಭಕ್ತ ಕುಟುಂಬದ ವ್ಯಾಪಾರಕ್ಕೆ ವಿನಾಯಿತಿ ಇತ್ತು. ಚಿತ್ರೀಕರಣ ಮುಗಿದ ಮೇಲೆ ವಸ್ತು ಹಿಂತಿರುಗಿ ಬಂದರೆ ಅದು ಪ್ರಯೋಜನವಲ್ಲವೆಂದು 2022ರ ಜೂನ್‌ನ ಸುತ್ತೋಲೆ ಸ್ಪಷ್ಟಪಡಿಸಿತು. ಆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರ ದಿನಾಂಕದಿಂದ 2025ರ ಕಾಯ್ದೆಯನ್ನು ತಂದಿರುವುದರಿಂದ ಕಲಮಿನ ಸಂಖ್ಯೆಗಳು ಬೇರೆಯಾಗಿವೆ. ನಿಮ್ಮ ಲೆಕ್ಕಪರಿಶೋಧಕರನ್ನು ವಿಚಾರಿಸಿಯೇ ಮುಂದುವರಿಯಿರಿ.

ಮೂರನೆಯದು ಕರಾರು. ಎಷ್ಟು ಕಂತು, ಎಷ್ಟು ಸೆಕೆಂಡು, ಯಾವ ಪಾತ್ರದ ಕೈಯಲ್ಲಿ, ಪ್ರತಿಸ್ಪರ್ಧಿಯ ಸರಕು ಅದೇ ಕಂತಿನಲ್ಲಿ ಬರಬಹುದೇ, ಮರುಪ್ರಸಾರದಲ್ಲಿ ಉಳಿಯುತ್ತದೆಯೇ, ಕಂತು ಪ್ರಸಾರವಾಗದಿದ್ದರೆ ಹಣದ ಗತಿಯೇನು, ಇವೆಲ್ಲ ಬರಹದಲ್ಲಿರಬೇಕು. ಬಾಯಿಮಾತಿನ ಮೇಲೆ ಹಣ ಕೊಟ್ಟರೆ ಕೊಟ್ಟವನು ಕೋಡಂಗಿ, ಇಸಿದುಕೊಂಡವನು ಈರಭದ್ರ ಎಂಬ ಗಾದೆ ನಿಜವಾಗುತ್ತದೆ. ಇವುಗಳ ಜೊತೆಗೆ ಇನ್ನೊಂದು ಷರತ್ತನ್ನು ನೀವೇ ಮುಂದಾಗಿ ಬರೆಸಿ: ಈ ಕಂತಿನಲ್ಲಿ ನಮ್ಮ ಸರಕನ್ನು ಹಣ ಪಡೆದು ತೋರಿಸಲಾಗಿದೆ ಎಂಬ ಸೂಚನೆ ಕನ್ನಡದಲ್ಲಿ, ಓದಲು ಸಾಕಾಗುವಷ್ಟು ಹೊತ್ತು ತೆರೆಯ ಮೇಲೆ ಇರಬೇಕು.

ಈ ಕೊನೆಯ ಷರತ್ತನ್ನು ಒಬ್ಬಿಬ್ಬರು ಕೇಳಿದರೆ ಚಾನೆಲ್‌ನವರು ನಕ್ಕು ಸುಮ್ಮನಾಗಬಹುದು. ವಾಣಿಜ್ಯ ಸಂಸ್ಥೆಯ ಸದಸ್ಯರೆಲ್ಲ ಕೇಳಿದರೆ ಅದೇ ಪದ್ಧತಿಯಾಗುತ್ತದೆ. ಆದ್ದರಿಂದ ನಮ್ಮ ಸಂಸ್ಥೆಯು ಕನ್ನಡ ಚಾನೆಲ್‌ಗಳೊಡನೆ ಈ ಕುರಿತು ಮಾತುಕತೆ ನಡೆಸುವುದು, ಮಾದರಿ ಕರಾರುಪತ್ರವೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು ಮತ್ತು ಒಂದು ಸಮಾನ ಚಿಹ್ನೆಯನ್ನು ಜಾರಿಗೆ ತರುವಂತೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಮನವಿ ಸಲ್ಲಿಸುವುದು ಉಚಿತವೆಂದು ನನಗೆ ತೋರುತ್ತದೆ. ಗ್ರಾಹಕನನ್ನು ನಗಿಸಿ ಮಾರುವುದರಲ್ಲಿ ತಪ್ಪಿಲ್ಲ. ಅವನು ನಗುತ್ತಿರುವಾಗ ಅವನಿಗೆ ತಿಳಿಯದಂತೆ ಮಾರಬಾರದು, ಅಷ್ಟೆ. ಈ ಬಗ್ಗೆ ಸದಸ್ಯರು ತಮ್ಮ ಅಭಿಪ್ರಾಯಗಳನ್ನು ಸಂಸ್ಥೆಯ ಮುಂದಿನ ಸಭೆಯಲ್ಲಿ ಮಂಡಿಸಬೇಕೆಂದು ವಿನಂತಿಸುತ್ತೇನೆ.